ಎಲ್ಲರ ಲೆಕ್ಕವೂ ಸರಿ, ಡೋಸ್ ಮಾತ್ರ ತಪ್ಪು: ಕಲಬುರಗಿಯ ವಾರ್ಡಿನಲ್ಲಿ ಐದು ಕೋರ್ಸಿನ ವಿದ್ಯಾರ್ಥಿಗಳು

ಮೆಡಿಕಲ್, ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳನ್ನು ಒಂದೇ ಹಾಲ್‌ನಲ್ಲಿ ಕೂಡಿಸಿ ತಂಡದ ಕೆಲಸದ ಬಗ್ಗೆ ಒಂದು ತಾಸು ಭಾಷಣ ಮಾಡಿದರೆ ಅವರು ಕಲಿಯುವುದು ಒಂದೇ ಸಂಗತಿ: ಯಾರು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಯಾರು ಹಿಂದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಚೌಕಟ್ಟಿನ ಪ್ರಕಾರ ಅಂತರ್‌ವೃತ್ತಿ ಶಿಕ್ಷಣವೆಂದರೆ ಎರಡು ಅಥವಾ ಹೆಚ್ಚು ವೃತ್ತಿಗಳ ವಿದ್ಯಾರ್ಥಿಗಳು ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಜೊತೆ ಒಬ್ಬರು ಕಲಿಯುವುದು. ಹಾಲ್‌ನ ಭಾಷಣದಲ್ಲಿ ನಡೆಯುವುದು ಈ ಮೂರನೆಯದು ಮಾತ್ರ, ಅದೂ ಹೆಸರಿಗೆ. ಮೊದಲೆರಡು ನಡೆಯಬೇಕಾದರೆ ಒಬ್ಬರ ಕೈಯಲ್ಲಿರುವ ಮಾಹಿತಿ ಸಿಗದೆ ಇನ್ನೊಬ್ಬರ ನಿರ್ಧಾರ ಕೆಡುವಂಥ ಕೆಲಸ ಕೊಡಬೇಕು. ಆ ಕೆಲಸದ ಕೊನೆಗೆ ರೋಗಿ ಮನೆಗೆ ಒಯ್ಯುವ ಏನಾದರೊಂದು ತಯಾರಾಗಬೇಕು. ಇಲ್ಲಿ ಅದು ಅರ್ಧ ಹಾಳೆಯ ಬಿಡುಗಡೆ ಚೀಟಿ.

ಕೆಳಗಿನ ರೋಗಿ ಯಾವ ಒಬ್ಬ ವ್ಯಕ್ತಿಯೂ ಅಲ್ಲ. ಈ ಭಾಗದ ವಾರ್ಡುಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿಗಳನ್ನು ಜೋಡಿಸಿ ಬೋಧನೆಗೆಂದೇ ಕಟ್ಟಿದ ಪ್ರಕರಣ ಇದು. ಔಷಧಿ, ಪ್ರಮಾಣ, ಲೆಕ್ಕಗಳು ಬಳಕೆಯಲ್ಲಿರುವಂಥವೇ. ಹಾಸಿಗೆಯ ಬಳಿ ನಡೆಸಲು ತಕ್ಕ ರೋಗಿ ಸಿಗದಿದ್ದಾಗ ಇದನ್ನೇ ಕಾರ್ಡುಗಳ ಮೇಲೆ ಬರೆದು ತರಗತಿಯಲ್ಲಿ ನಡೆಸಬಹುದು. ಅದರ ವಿವರ ಮುಂದೆ ಇದೆ.

ರೋಗಿ

ಯಾದಗಿರಿ ಜಿಲ್ಲೆಯ ತಾಂಡಾವೊಂದರ 46 ವರ್ಷದ ಗಂಡಸು. ಸುಗ್ಗಿ ಮುಗಿದ ಮೇಲೆ ಹೆಂಡತಿಯೊಂದಿಗೆ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡುತ್ತಾನೆ. ಎರಡು ತಿಂಗಳಿಂದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ. ಐದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಗುಳಿಗೆಯನ್ನು ಮೆಡಿಕಲ್ ಅಂಗಡಿಯಿಂದ ಕೈಯಲ್ಲಿ ದುಡ್ಡಿದ್ದಾಗ ತಂದು ನುಂಗುತ್ತಾನೆ, ಇಲ್ಲದಾಗ ಬಿಡುತ್ತಾನೆ. ರೋಗಾಣುವಿನ ವಂಶವಾಹಿ ಹುಡುಕುವ ನ್ಯಾಟ್ ಪರೀಕ್ಷೆಯಲ್ಲಿ ಕಫದಲ್ಲಿ ಕ್ಷಯ ಪತ್ತೆಯಾಗಿದೆ, ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಪ್ರತಿರೋಧ ಇಲ್ಲ. ಎಚ್‌ಐವಿ ನೆಗೆಟಿವ್, ಲಿವರ್ ಪರೀಕ್ಷೆ ಸಹಜ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಶೇ 10.8, ಅಂದರೆ ಬಹಳ ಹೆಚ್ಚು. ಸಕ್ಕರೆ ಹಿಡಿತಕ್ಕೆ ಬರಲೆಂದು ಕಲಬುರಗಿಯ ಒಂದು ಬೋಧನಾ ಆಸ್ಪತ್ರೆಯಲ್ಲಿ ದಾಖಲಾಗಿದ್ದಾನೆ. ಹಳೆಯ ಗುಳಿಗೆ ನಿಲ್ಲಿಸಿ, ಮೆಟ್‌ಫಾರ್ಮಿನ್ ಮಾತ್ರ ಮುಂದುವರಿಸಿ, 30/70 ಇನ್ಸುಲಿನ್ (ಬೇಗ ಮತ್ತು ನಿಧಾನವಾಗಿ ಕೆಲಸ ಮಾಡುವ ಎರಡು ಬಗೆಯ ಮಿಶ್ರಣ) ಬೆಳಿಗ್ಗೆ 14, ರಾತ್ರಿ 8 ಯೂನಿಟ್ ಶುರುವಾಗಿದೆ.

ಈ ಜೋಡಿ ಕಾಯಿಲೆಯನ್ನು ಆರಿಸಿದ್ದಕ್ಕೆ ಕಾರಣವಿದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ತಗಲುವ ಅಪಾಯ ಎರಡು ಮೂರು ಪಟ್ಟು ಹೆಚ್ಚು ಎಂಬುದು ಒಂದು. ಬೋಧನೆಯ ದೃಷ್ಟಿಯಿಂದ ಮುಖ್ಯವಾದದ್ದು ಇನ್ನೊಂದು: ಇಲ್ಲಿ ಒಂದು ಕಾಯಿಲೆಯ ಸಲಹೆ ಇನ್ನೊಂದಕ್ಕೆ ಅಡ್ಡ ಬರುತ್ತದೆ. ಕ್ಷಯಕ್ಕೆ ಚೆನ್ನಾಗಿ ಉಣ್ಣು ಎನ್ನಬೇಕು, ಸಕ್ಕರೆಗೆ ಹಿಡಿತದಲ್ಲಿ ಉಣ್ಣು ಎನ್ನಬೇಕು. ರಿಫಾಂಪಿಸಿನ್ ಲಿವರ್‌ನ ಕಿಣ್ವಗಳನ್ನು ಚುರುಕುಗೊಳಿಸಿ ಗ್ಲಿಮೆಪಿರೈಡ್‌ನಂಥ ಗುಳಿಗೆಗಳ ಬಲ ಕುಗ್ಗಿಸುತ್ತದೆ. ಕ್ಷಯದ ಇನ್ನೊಂದು ಔಷಧಿ ಐಸೋನಿಯಾಜಿಡ್‌ನಿಂದ ಕಾಲು ಉರಿ, ಜೋಮು ಬರಬಹುದು. ಸಕ್ಕರೆಯವರಲ್ಲಿ ಹಲವರಿಗೆ ಅದು ಮೊದಲೇ ಇರುತ್ತದೆ. ಒಂದೇ ವೃತ್ತಿಯ ಓದು ಸಾಲುವುದಿಲ್ಲ ಎಂಬುದನ್ನು ಬಾಯಲ್ಲಿ ಹೇಳಿಕೊಡಬೇಕಾಗಿಲ್ಲ, ರೋಗಿಯೇ ತೋರಿಸುತ್ತಾನೆ.

ತಂಡ ಮತ್ತು ಸಮಯ

ಐದು ಮಂದಿ: ಕೊನೆಯ ವರ್ಷದ ಎಂಬಿಬಿಎಸ್ ವಿದ್ಯಾರ್ಥಿ, ಬಿಎಸ್ಸಿ ನರ್ಸಿಂಗ್ ನಾಲ್ಕನೇ ವರ್ಷದ ವಿದ್ಯಾರ್ಥಿನಿ, ಫಾರ್ಮ್-ಡಿ (ಫಾರ್ಮಸಿಯ ಡಾಕ್ಟರೇಟ್ ಕೋರ್ಸು) ಐದನೇ ವರ್ಷದ ವಿದ್ಯಾರ್ಥಿನಿ, ಲ್ಯಾಬ್ ಟೆಕ್ನಾಲಜಿಯ ಹುಡುಗ, ವೈದ್ಯಕೀಯ ಸಮಾಜಕಾರ್ಯದ ವಿದ್ಯಾರ್ಥಿ. ಇವರು ಓದುವ ಕೋರ್ಸುಗಳ ನಿಯಂತ್ರಣ ಬೇರೆ ಬೇರೆ ಕಡೆ ಇದೆ: ರಾಷ್ಟ್ರೀಯ ವೈದ್ಯಕೀಯ ಆಯೋಗ, ಭಾರತೀಯ ನರ್ಸಿಂಗ್ ಪರಿಷತ್ತು, ಫಾರ್ಮಸಿ ಕೌನ್ಸಿಲ್, 2021ರ ಕಾಯ್ದೆಯಿಂದ ಬಂದ ಅಲೈಡ್ ವೃತ್ತಿಗಳ ಆಯೋಗ. 2019ರಿಂದ ಜಾರಿಯಾದ ಎಂಬಿಬಿಎಸ್ ಪಠ್ಯಕ್ರಮ ವೈದ್ಯನ ಐದು ಪಾತ್ರಗಳಲ್ಲಿ ಒಂದನ್ನು ‘ಆರೋಗ್ಯ ತಂಡದ ನಾಯಕ ಮತ್ತು ಸದಸ್ಯ’ ಎಂದು ಹೇಳುತ್ತದೆ. ವಾರ್ಡಿನಲ್ಲಿ ನಾಯಕನ ಪಾಠ ತಾನಾಗಿಯೇ ಆಗುತ್ತದೆ. ಸದಸ್ಯನ ಪಾಠಕ್ಕೆ ವೇಳಾಪಟ್ಟಿಯಲ್ಲಿ ಜಾಗ ಹುಡುಕಬೇಕು.

ಆ ಜಾಗ ಹುಡುಕುವುದೇ ಅರ್ಧ ಕೆಲಸ. ಮೆಡಿಕಲ್ ವಿದ್ಯಾರ್ಥಿಗಳು ಬೆಳಗಿನ ರೌಂಡ್ಸ್‌ನಲ್ಲಿ, ನರ್ಸಿಂಗ್‌ನವರು ಶಿಫ್ಟ್‌ನಲ್ಲಿ, ಲ್ಯಾಬ್‌ನವರು ಸ್ಯಾಂಪಲ್ ಬರುವ ಹೊತ್ತಿಗೆ ಕದಲುವಂತಿಲ್ಲ. ಎಲ್ಲರಿಗೂ ಹೊಂದುವುದು ರೌಂಡ್ಸ್ ಮುಗಿದು ಊಟಕ್ಕೆ ಹೋಗುವ ಮುನ್ನಿನ ಮುಕ್ಕಾಲು ಗಂಟೆ, 12ರಿಂದ 12:45. ವಾರಕ್ಕೆ ನಾಲ್ಕು ದಿನ ಅಷ್ಟೇ ಸಾಕು. ಮೂರು ತಾಸಿನ ಒಂದು ಕಾರ್ಯಾಗಾರಕ್ಕಿಂತ ಮುಕ್ಕಾಲು ಗಂಟೆಯ ನಾಲ್ಕು ಬೈಠಕ್ ಮೇಲು, ಯಾಕೆಂದರೆ ನಡುವಿನ ರಾತ್ರಿಗಳಲ್ಲಿ ರೋಗಿಯ ಸ್ಥಿತಿ ಬದಲಾಗುತ್ತದೆ, ನಿನ್ನೆಯ ನಿರ್ಧಾರದ ಫಲ ಇವತ್ತು ಕಣ್ಣೆದುರು ಬರುತ್ತದೆ.

ಮಾರ್ಗದರ್ಶಕರು ಇಬ್ಬರು, ಬೇರೆ ಬೇರೆ ವೃತ್ತಿಯವರು. ಇಬ್ಬರೂ ಡಾಕ್ಟರಾದರೆ ಇಡೀ ಕಸರತ್ತು ಇನ್ನೊಂದು ರೌಂಡ್ಸ್ ಆಗಿಬಿಡುತ್ತದೆ. ಇಲ್ಲಿ ನರ್ಸಿಂಗ್ ಕಾಲೇಜಿನ ಉಪನ್ಯಾಸಕಿಯೊಬ್ಬರು ಮುಖ್ಯ, ಮೆಡಿಸಿನ್ ವಿಭಾಗದ ಸಹಾಯಕ ಪ್ರಾಧ್ಯಾಪಕರೊಬ್ಬರು ಜೊತೆಗೆ.

ಮೊದಲ ದಿನ ಹೇಳಬೇಕಾದ ನಿಯಮಗಳು ಮೂರು. ರೋಗಿಯ ಕಥೆಯನ್ನು ಒಮ್ಮೆ ಮಾತ್ರ ಕೇಳಬೇಕು. ಒಬ್ಬರು ಕೇಳುವುದು, ಉಳಿದವರು ತಮ್ಮ ಪ್ರಶ್ನೆಯನ್ನು ಅವರ ಕೈಗೆ ಕೊಡುವುದು. ಇದಿಲ್ಲದಿದ್ದರೆ ಐದು ಮಂದಿ ಐದು ಸಲ ‘ಕಾಕಾ, ಕೆಮ್ಮು ಯಾವಾಗಿಂದ?’ ಎನ್ನುತ್ತಾರೆ, ಮೂರನೆಯವರ ಹೊತ್ತಿಗೆ ರೋಗಿ ಗೋಡೆ ಕಡೆ ತಿರುಗುತ್ತಾನೆ. ಎರಡನೆಯದು, ಬೈಠಕ್‌ನಲ್ಲಿ ಮೊದಲು ಮಾತಾಡುವುದು ಹಿಂದಿನ 24 ತಾಸಿನಲ್ಲಿ ರೋಗಿಯ ಬಳಿ ಹೆಚ್ಚು ಹೊತ್ತು ಇದ್ದವರು, ಕೊನೆಗೆ ಮೆಡಿಕಲ್ ವಿದ್ಯಾರ್ಥಿ. ಮೂರನೆಯದು ಸೋಂಕಿನದು: ಎಲ್ಲರಿಗೂ ಎನ್-95 ಮಾಸ್ಕ್, ಮಾತುಕತೆ ಕಿಟಕಿ ತೆರೆದ ಕಡೆ, ರೋಗಿಗೆ ಸರ್ಜಿಕಲ್ ಮಾಸ್ಕ್. ಗರ್ಭಿಣಿಯರನ್ನೂ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತಗೊಳ್ಳುವವರನ್ನೂ ಈ ಹಾಸಿಗೆಗೆ ಹಾಕುವುದಿಲ್ಲ.

ಸೋಮವಾರ, ಮಂಗಳವಾರ: 47 ಕಿಲೋ ಎಲ್ಲಿ ಹೋಯಿತು

ಕೇಸ್ ಶೀಟ್‌ನಲ್ಲಿ ತೂಕ 52 ಎಂದಿತ್ತು. ರೋಗಿಯನ್ನು ಕೇಳಿ ಬರೆದದ್ದು. ಸೋಮವಾರ ಬೆಳಿಗ್ಗೆ ನರ್ಸಿಂಗ್ ವಿದ್ಯಾರ್ಥಿನಿ ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಬಂದದ್ದು 47. ಅವಳು ಅದನ್ನು ನರ್ಸಿಂಗ್ ಚಾರ್ಟ್‌ನಲ್ಲಿ ನೀಟಾಗಿ ಬರೆದಳು. ಅವಳಿಗೆ ಕಲಿಸಿದ್ದೂ ಅಷ್ಟೇ.

ಕ್ಷಯದ ಸಂಯುಕ್ತ ಗುಳಿಗೆಯ ಲೆಕ್ಕ ತೂಕದ ಮೇಲೆ ನಿಂತಿದೆ: 25ರಿಂದ 34 ಕಿಲೋಗೆ ದಿನಕ್ಕೆ 2, 35ರಿಂದ 49ಕ್ಕೆ 3, 50ರಿಂದ 64ಕ್ಕೆ 4, 65ರಿಂದ 75ಕ್ಕೆ 5. ಪ್ರತಿ ಗುಳಿಗೆಯಲ್ಲಿ ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಜಿನಮೈಡ್ 400, ಎಥಾಂಬುಟಾಲ್ 275 ಮಿಲಿಗ್ರಾಂ. 52 ಎಂದರೆ 4 ಗುಳಿಗೆ, 47 ಎಂದರೆ 3. ಸೋಮವಾರವೂ ಮಂಗಳವಾರವೂ ರೋಗಿ 4 ನುಂಗಿದ. ಮಂಗಳವಾರ ಮಧ್ಯಾಹ್ನ ಫಾರ್ಮ್-ಡಿ ವಿದ್ಯಾರ್ಥಿನಿ ಔಷಧಿ ಪಟ್ಟಿ ಪರಿಶೀಲಿಸುತ್ತಾ ‘ತೂಕ ಯಾರು ನೋಡಿದ್ರಿ?’ ಎಂದು ಕೇಳಿದ ಮೇಲೆಯೇ 47 ಹೊರಬಂತು.

ಮೆಡಿಕಲ್ ವಿದ್ಯಾರ್ಥಿ ‘ಮೊದಲೇ ಹೇಳಬಾರದಿತ್ತಾ?’ ಎಂದ. ಅವಳು ‘ಚಾರ್ಟ್‌ನಾಗ ಬರೆದೀನಲ್ಲ’ ಎಂದಳು. ಇಬ್ಬರ ಮಾತೂ ನಿಜ. ಇಲ್ಲಿ ಮಾರ್ಗದರ್ಶಕರು ತೀರ್ಪು ಕೊಡಲು ಹೋಗಬಾರದು. ಕೇಸ್ ಶೀಟ್, ನರ್ಸಿಂಗ್ ಚಾರ್ಟ್, ಔಷಧಿ ಪಟ್ಟಿ ಮೂರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ‘ಇವತ್ತು ಬೆಳಿಗ್ಗೆಯಿಂದ ಯಾರು ಯಾವ ಹಾಳೆ ಓದಿದ್ದೀರಿ?’ ಎಂದು ಕೇಳಬೇಕು. ಬರೆದವರ ಹೊರತು ಬೇರೆ ಯಾರೂ ಓದದ ಹಾಳೆಗಳು ವಾರ್ಡಿನಲ್ಲಿ ಎಷ್ಟಿವೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಡೋಸ್ ಬದಲಿಸುವ ಸಂಖ್ಯೆಯನ್ನು ಬರೆದರೆ ಸಾಲದು, ಬಾಯಿಬಿಟ್ಟು ಹೇಳಬೇಕು ಎಂಬ ಕಟ್ಟಲೆಯನ್ನು ತಂಡ ತಾನೇ ಹಾಕಿಕೊಂಡಿತು.

ಹೇಳುವುದಕ್ಕೆ ಒಂದು ಅಚ್ಚು ಕೊಟ್ಟರೆ ಹಿಂಜರಿಯುವವರಿಗೆ ಧೈರ್ಯ ಬರುತ್ತದೆ. ಎಸ್‌ಬಾರ್ ಎಂದು ಕರೆಯುವ ನಾಲ್ಕು ಮೆಟ್ಟಿಲು: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ. ‘ಸರ್, 12ನೇ ಬೆಡ್‌ನವರ ತೂಕ 47 ಬಂದದ. ಶೀಟ್‌ನಾಗ 52 ಅದ, ಅದು ಕೇಳಿ ಬರೆದದ್ದು. ಟಿಬಿ ಗುಳಿಗಿ ಒಂದು ಹೆಚ್ಚು ಹೋಗ್ಲಿಕ್ಕತ್ತದ ಅನ್ನಿಸ್ತದ. ನೀವು ಬಂದು ಡೋಸ್ ನೋಡ್ರಿ.’ ಇಪ್ಪತ್ತು ಸೆಕೆಂಡು ಸಾಕು. ವಿದ್ಯಾರ್ಥಿಗಳು ಮೊದಲ ಎರಡು ಮೆಟ್ಟಿಲನ್ನು ಸಲೀಸಾಗಿ ಹೇಳುತ್ತಾರೆ, ಮೂರನೆಯದರಲ್ಲಿ ನಿಲ್ಲುತ್ತಾರೆ. ‘ನನ್ನ ಅಂದಾಜು’ ಎನ್ನುವ ಹಕ್ಕು ತಮಗಿದೆ ಎಂದು ನರ್ಸಿಂಗ್, ಲ್ಯಾಬ್ ವಿದ್ಯಾರ್ಥಿಗಳಿಗೆ ಯಾರೂ ಹೇಳಿರುವುದಿಲ್ಲ. ಆದ್ದರಿಂದ ಅಭ್ಯಾಸ ಮಾಡಿಸುವಾಗ ಮೂರನೆಯ ಮೆಟ್ಟಿಲಿನಿಂದಲೇ ಶುರುಮಾಡಿಸುವುದು ಒಳ್ಳೆಯದು.

ಲ್ಯಾಬ್ ಹುಡುಗನದೂ ಇಂಥದೇ ಕಥೆ. ಹಿಂದಿನ ವಾರ ಬಂದ ಮೊದಲ ಕಫದ ಡಬ್ಬಿಯಲ್ಲಿ ಬರೀ ಜೊಲ್ಲು ಇದ್ದದ್ದರಿಂದ ಅದನ್ನು ತಿರಸ್ಕರಿಸಿದ್ದರು. ಡಬ್ಬಿ ಹಿಂದಕ್ಕೆ ಬಂತು, ಕಾರಣ ಬರಲಿಲ್ಲ. ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ 2ರಿಂದ 5 ಎಂಎಲ್ ಕೊಡಬೇಕೆಂದು ಹಾಸಿಗೆಯ ಬಳಿ ಬಂದು ತೋರಿಸುವ ಅವಕಾಶ ಲ್ಯಾಬ್ ವಿದ್ಯಾರ್ಥಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಈ ವಾರ ಸಿಕ್ಕಿತು. ಹೆಂಡತಿಗೂ ಕೆಮ್ಮು ಇದ್ದದ್ದರಿಂದ ಆಕೆಯ ಕಫವನ್ನೂ ಕೊಡಿಸಿದ. ಕ್ಷಯ ಇಲ್ಲವೆಂದು ಬಂತು. ಮುಂದಿನದು ಕ್ಷಯ ತಡೆ ಚಿಕಿತ್ಸೆಯ ಮಾತು.

ಗುರುವಾರ: ಕಿತ್ತಳೆ ಮುಚ್ಚಳ

ಪ್ರಕರಣದ ನಡುಗಂಬ ಇದು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಮಂಗಳವಾರ 168ಕ್ಕೆ ಇಳಿದಿತ್ತು. ಬುಧವಾರ 214. ಗುರುವಾರ 252.

ಬೈಠಕ್‌ನಲ್ಲಿ ಒಬ್ಬೊಬ್ಬರೂ ತಮ್ಮ ಓದಿನ ಪ್ರಕಾರ ಕಾರಣ ಹುಡುಕಿದರು. ಲ್ಯಾಬ್ ಹುಡುಗ ಮೊದಲು ಗ್ಲುಕೋಮೀಟರ್ ಮೇಲೆ ಅನುಮಾನಪಟ್ಟ. ರಕ್ತದ ಹನಿ ಹಾಕುವ ಸ್ಟ್ರಿಪ್‌ಗಳ ಡಬ್ಬಿ ತೆರೆದಿಟ್ಟರೆ, ಬೆರಳಿಗೆ ಬೆಲ್ಲದ ಅಂಟು ಇದ್ದರೆ ಓದು ತಪ್ಪುತ್ತದೆ. ಅದೇ ಬೆಳಿಗ್ಗೆ ನರದಿಂದ ತೆಗೆದ ರಕ್ತದಲ್ಲಿ 244 ಬಂದಿತ್ತು. 100ಕ್ಕಿಂತ ಮೇಲಿನ ಓದಿಗೆ ಮೀಟರು ಶೇ 15ರೊಳಗೆ ಇದ್ದರೆ ಒಪ್ಪಬಹುದು, ಹಾಗಾಗಿ ಮೀಟರು ಸರಿ. ನರ್ಸಿಂಗ್ ವಿದ್ಯಾರ್ಥಿನಿ ಊಟದ ಲೆಕ್ಕ ಹೇಳಿದಳು: ಮನೆಯಿಂದ ಬುತ್ತಿ ಬರುತ್ತಿದೆ, ಹೊತ್ತಿಗೆ ಎರಡು ಜೋಳದ ರೊಟ್ಟಿ, ಬ್ಯಾಳಿ, ಪುಂಡಿ ಪಲ್ಯ. ಹೊಸದೇನೂ ಇಲ್ಲ. ಇನ್ಸುಲಿನ್? ಮಂಗಳವಾರ ಸಂಜೆಯಿಂದ ಹೆಂಡತಿಯೇ ಹಾಕುವ ಅಭ್ಯಾಸ ಮಾಡುತ್ತಿದ್ದಾಳೆ, ತಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ, 14ರ ಗೆರೆಯವರೆಗೆ ಸರಿಯಾಗಿ ಎಳೆದಿದ್ದಾಳೆ. ಪಟ್ಟಿಯ ಎಲ್ಲ ಮನೆಗೂ ಟಿಕ್ ಬಿದ್ದಿದೆ. ಫಾರ್ಮ್-ಡಿ ವಿದ್ಯಾರ್ಥಿನಿ ರಿಫಾಂಪಿಸಿನ್ ಪ್ರಭಾವ ವಿವರಿಸಿದಳು, ಆದರೆ ಅದು ಕಾಡುವ ಗ್ಲಿಮೆಪಿರೈಡ್ ಈಗ ನಿಂತಿದೆ. ಉಳಿದದ್ದು ಮೆಡಿಕಲ್ ವಿದ್ಯಾರ್ಥಿಯ ತೀರ್ಮಾನ: ಸೋಂಕು ಇದೆ, ಇನ್ಸುಲಿನ್ ಸಾಲುತ್ತಿಲ್ಲ, ಬೆಳಿಗ್ಗೆ 20, ರಾತ್ರಿ 12 ಮಾಡೋಣ. ಪುಸ್ತಕದ ಪ್ರಕಾರ ತಪ್ಪೇನಿಲ್ಲ.

ಫಾರ್ಮ್-ಡಿ ವಿದ್ಯಾರ್ಥಿನಿ ‘ಸೂಜಿ ಒಮ್ಮೆ ನೋಡೋಣ’ ಎಂದಳು. ಯಾರೂ ಕಿವಿಗೊಡಲಿಲ್ಲ, ಮಾತು ಡೋಸಿನ ಕಡೆಗೇ ಹೋಯಿತು. ಆಗ ಅವಳು ಎರಡನೇ ಸಲ ಹೇಳಿದಳು: ‘ಡೋಸ್ ಏರಿಸುವ ಮುಂಚೆ ಸಿರಿಂಜ್ ನೋಡಬೇಕು.’ ಎರಡು ಸಲ ಹೇಳುವ ಈ ನಿಯಮವೂ ಮೊದಲೇ ಕಲಿಸಿದ್ದು. ಅಮೆರಿಕದಲ್ಲಿ 2006ರಲ್ಲಿ ಬಂದ ಟೀಮ್‌ಸ್ಟೆಪ್ಸ್ ತರಬೇತಿಯಲ್ಲಿ ಇದು ಇದೆ: ಸುರಕ್ಷತೆಯ ಮಾತು ಮೊದಲ ಸಲ ಯಾರಿಗೂ ನಾಟದಿದ್ದರೆ ಎರಡನೇ ಸಲ ಹೇಳುವುದು ಹೇಳುವವರ ಜವಾಬ್ದಾರಿ, ಕೇಳಿಸಿಕೊಂಡು ನಿಲ್ಲುವುದು ಉಳಿದವರ ಜವಾಬ್ದಾರಿ.

ಹೆಂಡತಿ ಕೈಚೀಲದಿಂದ ಸಿರಿಂಜ್ ತೆಗೆದಳು. ಮುಚ್ಚಳ ಕಿತ್ತಳೆ ಬಣ್ಣದ್ದು.

ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್. ಕಿತ್ತಳೆ ಮುಚ್ಚಳದ್ದು ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ. ಎರಡರ ಮೇಲೂ 14ರ ಗೆರೆ ಇದೆ, ಗೆರೆಯ ಹಿಂದಿನ ಗಾತ್ರ ಬೇರೆ. ಕೆಂಪಿನಲ್ಲಿ 14ರ ಗೆರೆ ಎಂದರೆ 0.35 ಎಂಎಲ್. ಕಿತ್ತಳೆಯಲ್ಲಿ 0.14 ಎಂಎಲ್. 40ರ ಸೀಸೆಯಿಂದ 0.14 ಎಂಎಲ್ ಎಳೆದರೆ ದೇಹಕ್ಕೆ ಹೋಗುವುದು 5.6 ಯೂನಿಟ್. ರಾತ್ರಿಯ 8ರ ಗೆರೆಗೆ 3.2. ದಿನಕ್ಕೆ 22 ಹೋಗಬೇಕಾದ ಕಡೆ 8.8 ಹೋಗುತ್ತಿತ್ತು.

ವಾರ್ಡಿನ ಸಿರಿಂಜ್ ಕೆಂಪಿನದೇ. ಮನೆಗೆ ಬೇಕಾಗುತ್ತದೆಂದು ಆಕೆಯನ್ನು ಹೊರಗಿನ ಅಂಗಡಿಗೆ ಕಳಿಸಿದ್ದರು, ಅದರಲ್ಲೇ ಅಭ್ಯಾಸವಾಗಲಿ ಎಂದು. ‘ದುಕಾನದಾಗ ಇವೇ ಅದಾವ ಅಂದ್ರು ಯಕ್ಕಾ, ಎಲ್ಲಾ ಒಂದೇ ಅಂದ್ರು’ ಎಂದು ಆಕೆ ಲಂಬಾಣಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದಳು. ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಇದ್ದದ್ದು ‘ಇನ್ಸುಲಿನ್ ಸಿರಿಂಜ್ 10’ ಎಂದಷ್ಟೇ.

ಡೋಸ್ ಏರಿಸಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಲೆಕ್ಕ ಹಾಕಿಸಿಯೇ ಮುಂದೆ ಹೋಗಬೇಕು. 20 ಮತ್ತು 12, ಒಟ್ಟು 32. ಕಿತ್ತಳೆಯಲ್ಲಿ ಹೋಗುವುದು 12.8 ಯೂನಿಟ್, ಸಕ್ಕರೆ ಆಗಲೂ ಇಳಿಯದು, ಡೋಸ್ ಮತ್ತೆ ಏರುತ್ತದೆ. ಬೆಂಗಳೂರಿಗೆ ಹೋದ ಮೇಲೆ ಯಾರೋ ಕೆಂಪು ಮುಚ್ಚಳದ್ದು ಕೊಟ್ಟ ದಿನ ಪೂರ್ತಿ 32 ಯೂನಿಟ್ ಒಳಗೆ ಹೋಗುತ್ತದೆ. 47 ಕಿಲೋದ, ಸರಿಯಾಗಿ ಉಣ್ಣಲಾಗದ ಮನುಷ್ಯ ತಗಡಿನ ಶೆಡ್‌ನಲ್ಲಿ ರಾತ್ರಿ ಸಕ್ಕರೆ ಇಳಿದು ಎಚ್ಚರ ತಪ್ಪಬಹುದು.

ಈ ಹಂತದಲ್ಲಿ ನರ್ಸಿಂಗ್ ವಿದ್ಯಾರ್ಥಿನಿ ಕುಗ್ಗುವುದು ಸಹಜ. ಆಕೆಯ ಪಟ್ಟಿಯಲ್ಲಿ ‘ಸರಿಯಾದ ಗೆರೆಯವರೆಗೆ ಎಳೆದರೇ?’ ಎಂದು ಇತ್ತೇ ಹೊರತು ಸೀಸೆಯ ಮೇಲಿನ ಸಂಖ್ಯೆಯೂ ಸಿರಿಂಜಿನ ಸಂಖ್ಯೆಯೂ ಒಂದೇ ಇವೆಯೇ ಎಂಬ ಸಾಲು ಇರಲಿಲ್ಲ. ಐದು ಮಂದಿಯಲ್ಲಿ ಯಾರೂ ತಮ್ಮ ಕೆಲಸ ಕೆಟ್ಟದಾಗಿ ಮಾಡಿರಲಿಲ್ಲ. ತಪ್ಪು ಇದ್ದದ್ದು ಒಬ್ಬರ ಪಟ್ಟಿ ಮುಗಿದು ಇನ್ನೊಬ್ಬರ ಪಟ್ಟಿ ಶುರುವಾಗುವ ಸಂದಿನಲ್ಲಿ. ಇದನ್ನು ಮಾರ್ಗದರ್ಶಕಿ ಬಾಯಲ್ಲಿ ಹೇಳುವ ಬದಲು ಐವರ ಪರಿಶೀಲನಾ ಪಟ್ಟಿಗಳನ್ನು ತರಿಸಿ, ಸಿರಿಂಜ್ ಆರಿಸುವ ಸಾಲು ಯಾವುದರಲ್ಲಿದೆ ಎಂದು ಹುಡುಕಿಸಿದರು. ಯಾವುದರಲ್ಲೂ ಇರಲಿಲ್ಲ.

ಡೋಸ್ ಹಾಗೆಯೇ 14 ಮತ್ತು 8 ಉಳಿಯಿತು, ಸಿರಿಂಜ್ ಬದಲಾಯಿತು. ಶನಿವಾರ ಬೆಳಿಗ್ಗೆ 172.

ಚೀಟಿ

ಶುಕ್ರವಾರದ ಬೈಠಕ್‌ನ ಕೆಲಸ ಒಂದೇ: ಅರ್ಧ ಹಾಳೆ, ದೊಡ್ಡ ಅಕ್ಷರ, ಕನ್ನಡದಲ್ಲಿ, ಐವರೂ ಒಪ್ಪಿ ಸಹಿ ಹಾಕಿದ ಚೀಟಿ. ಆಸ್ಪತ್ರೆಯ ಅಧಿಕೃತ ಬಿಡುಗಡೆ ಪತ್ರ ಬೇರೆ, ಅದಕ್ಕೆ ಡಾಕ್ಟರ ಸಹಿ ಇರುತ್ತದೆ. ಈ ಚೀಟಿಯನ್ನೂ ಮಾರ್ಗದರ್ಶಕರು ನೋಡಿ ಒಪ್ಪಿದ ಮೇಲೆಯೇ ರೋಗಿಗೆ ಕೊಡುವುದು.

ಬರೆಯುವ ಪೆನ್ನು ಮೆಡಿಕಲ್ ವಿದ್ಯಾರ್ಥಿಯ ಕೈಯಲ್ಲಿ ಇರಬಾರದು. ಇದು ಸಣ್ಣ ವಿಷಯದಂತೆ ಕಂಡರೂ ಪೆನ್ನು ಹಿಡಿದವರ ವಾಕ್ಯವೇ ಹಾಳೆಯ ಮೇಲೆ ಉಳಿಯುತ್ತದೆ. ಇಲ್ಲಿ ಸಮಾಜಕಾರ್ಯದ ವಿದ್ಯಾರ್ಥಿ ಬರೆದ, ಯಾಕೆಂದರೆ ‘ಬಿಡಿ, ಇದು ನನಗೇ ಅರ್ಥ ಆಗಲಿಲ್ಲ’ ಎಂದು ಹೇಳಲು ನಾಚದವನು ಅವನೊಬ್ಬನೇ.

ಮೊದಲ ಜಗಳ ಹೊತ್ತಿನದು. ಫಾರ್ಮ್-ಡಿ ವಿದ್ಯಾರ್ಥಿನಿಯ ಪಟ್ಟಿ ಪಕ್ಕಾ ಇತ್ತು: ಕ್ಷಯದ 3 ಗುಳಿಗೆ ಒಟ್ಟಿಗೆ ಬೆಳಿಗ್ಗೆ 7ಕ್ಕೆ ಖಾಲಿ ಹೊಟ್ಟೆಗೆ, ಇನ್ಸುಲಿನ್ 8ಕ್ಕೆ, ಅರ್ಧ ಗಂಟೆ ಬಿಟ್ಟು ಊಟ, ಊಟದ ಮೇಲೆ ಮೆಟ್‌ಫಾರ್ಮಿನ್. ನರ್ಸಿಂಗ್ ವಿದ್ಯಾರ್ಥಿನಿ ಹೆಂಡತಿಯನ್ನು ಕೇಳಿಕೊಂಡು ಬಂದಿದ್ದಳು. ಆಕೆ ಕೂಲಿಗೆ ಹೊರಡುವುದೇ 7ಕ್ಕೆ. ಸೂಜಿ ಹಾಕುವವಳು ಮನೆಯಲ್ಲಿ ಇಲ್ಲದ ಹೊತ್ತಿಗೆ ಸೂಜಿ ಬರೆದು ಏನು ಪ್ರಯೋಜನ? ಪಟ್ಟಿಯನ್ನು ಹಿಂದಕ್ಕೆ ಎಳೆದರು: ಗುಳಿಗೆ ಐದೂವರೆಗೆ, ಇನ್ಸುಲಿನ್ ಆರಕ್ಕೆ, ರೊಟ್ಟಿ ಆರೂವರೆಗೆ. ಗುಳಿಗೆಗೂ ಊಟಕ್ಕೂ ಒಂದು ತಾಸಿನ ಅಂತರ ಸಿಕ್ಕಿತು, ಇನ್ಸುಲಿನ್ ಆದ ಅರ್ಧ ಗಂಟೆಗೆ ಊಟವೂ ಆಯಿತು.

ಎರಡನೆಯದು ಊಟದ್ದು. ಸಕ್ಕರೆ ಕಾಯಿಲೆಯ ಸಿದ್ಧ ಕರಪತ್ರದಲ್ಲಿ ‘ಊಟ ಕಡಿಮೆ ಮಾಡಿ’ ಎಂದಿದೆ, ಕ್ಷಯದ್ದರಲ್ಲಿ ‘ಪೌಷ್ಟಿಕ ಆಹಾರ ಹೆಚ್ಚು ಸೇವಿಸಿ’ ಎಂದಿದೆ. ಎರಡನ್ನೂ ಒಟ್ಟಿಗೆ ಕೈಗೆ ಕೊಟ್ಟರೆ ರೋಗಿ ತನಗೆ ಬೇಕಾದ್ದನ್ನು ನಂಬುತ್ತಾನೆ. ಜೋಳದ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ಈ ಭಾಗದಲ್ಲಿ ಗಟ್ಟಿ ಬೇರೆ. ತಂಡ ಬರೆದದ್ದು ಹೀಗೆ: ಊಟ ಬಿಡಬೇಡಿ, ಕಡಿಮೆ ಮಾಡಬೇಡಿ. ಹೊತ್ತಿಗೆ ಎರಡು ರೊಟ್ಟಿ, ದಿನವೂ ಅಷ್ಟೇ. ಬ್ಯಾಳಿ ಗಟ್ಟಿಯಾಗಿರಲಿ. ಮೊಟ್ಟೆ ಅಥವಾ ಶೇಂಗಾ ಹಿಂಡಿ ದಿನಾ. ಚಹಾದ ಸಕ್ಕರೆ, ಬೆಲ್ಲ ಬೇಡ. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ ಕೊಡುತ್ತಿದ್ದ ₹500ನ್ನು 2024ರ ನವೆಂಬರ್‌ನಿಂದ ₹1,000ಕ್ಕೆ ಏರಿಸಿದ್ದಾರೆ. ಅದು ಬ್ಯಾಂಕ್ ಖಾತೆಗೆ ಬರಬೇಕಾದ್ದರಿಂದ ಖಾತೆ ಚಾಲ್ತಿಯಲ್ಲಿದೆಯೇ ಎಂದು ನೋಡುವುದು ಸಮಾಜಕಾರ್ಯದ ವಿದ್ಯಾರ್ಥಿಯ ಪಾಲಿಗೆ ಬಂತು. ಖಾತೆ ನಿಂತುಹೋಗಿತ್ತು. ಮೊಟ್ಟೆ ತಿನ್ನಿ ಎಂದು ಬರೆಯುವುದಕ್ಕೂ ಖಾತೆ ತೆರೆಸುವುದಕ್ಕೂ ಇರುವ ಸಂಬಂಧ ಮೆಡಿಕಲ್ ವಿದ್ಯಾರ್ಥಿಗೆ ಅವತ್ತು ಹೊಸದು.

ಉಳಿದದ್ದು ಬೇಗ ಮುಗಿಯಿತು. ಮೂತ್ರ ಕೆಂಪಾಗುತ್ತದೆ, ಹೆದರಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಗುಳಿಗೆ ನಿಲ್ಲಿಸಿ ಅದೇ ದಿನ ಬನ್ನಿ. ಕಾಲು ಉರಿ ಬರದಿರಲು ಪಿರಿಡಾಕ್ಸಿನ್ (ವಿಟಮಿನ್ ಬಿ6) 10 ಮಿಲಿಗ್ರಾಂ ದಿನಕ್ಕೊಂದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, ಕಾಲು ಗಂಟೆಗೆ ಇಳಿಯದಿದ್ದರೆ ಮತ್ತೆ ಅಷ್ಟೇ. ಫ್ರಿಜ್ ಇಲ್ಲದ ಮನೆಗೆ ಇನ್ಸುಲಿನ್ ಇಡಲು ಎರಡು ಗಡಿಗೆ: ದೊಡ್ಡದರಲ್ಲಿ ನೀರು ಅಥವಾ ಒದ್ದೆ ಮರಳು, ಒಳಗೆ ಚಿಕ್ಕದು, ಸೀಸೆ ಪ್ಲಾಸ್ಟಿಕ್ ಚೀಲದಲ್ಲಿ, ನೆರಳಿನಲ್ಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿಗೆ ‘ತಂಪಾದ ಜಾಗದಲ್ಲಿಡಿ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಚೀಟಿಯ ಮೂಲೆಗೆ ಕೆಂಪು ಮುಚ್ಚಳವೊಂದನ್ನು ಟೇಪ್ ಹಾಕಿ ಅಂಟಿಸಿದರು. ಅಂಗಡಿಯವನಿಗೆ ಇದನ್ನೇ ತೋರಿಸಿ ಕೇಳಬೇಕು.

ಕೊನೆಗೆ ಹೆಂಡತಿಯಿಂದ ಹೇಳಿಸುವುದು. ‘ಗೊತ್ತಾಯ್ತಾ?’ ಎಂದು ಕೇಳಿದರೆ ಎಲ್ಲರೂ ‘ಹೂಂ ರೀ’ ಎನ್ನುತ್ತಾರೆ. ಬದಲಿಗೆ ಒಂದು ಕೆಂಪು, ಒಂದು ಕಿತ್ತಳೆ ಸಿರಿಂಜ್ ಮುಂದಿಟ್ಟು, ‘ಕಾಕಿ, ಮನೆಯಾಗ ನೀವು ಯಾವುದು ತಗೋತೀರಿ, ಎಲ್ಲಿ ತನಕ ಎಳಿತೀರಿ, ಮಾಡಿ ತೋರಸ್ರಿ’ ಎಂದರು. ಮೊದಲ ಸಲ ಸಿರಿಂಜ್ ಸರಿ ಆರಿಸಿದರೂ ಗಾಳಿಗುಳ್ಳೆ ತೆಗೆಯದೆ ಉಳಿಸಿದಳು, ಎರಡನೇ ಸಲ ಸರಿಯಾಯಿತು. ಬಿಳಿ ಮಂಜಾಗುವಂತೆ ಸೀಸೆಯನ್ನು ಅಂಗೈಯಲ್ಲಿ ಉರುಳಿಸುವುದನ್ನು ಮಾತ್ರ ಯಾರೂ ನೆನಪಿಸದೆಯೇ ಮಾಡಿದಳು.

ತರಗತಿಯಲ್ಲಿ ನಡೆಸುವವರಿಗೆ

ಬೇಕಾದ ಸಾಮಾನು ಕಡಿಮೆ: ಐದು ಕಾರ್ಡು, ಕೆಂಪು ಮತ್ತು ಕಿತ್ತಳೆ ಮುಚ್ಚಳದ ಸಿರಿಂಜ್ ಎರಡೆರಡು, ಬಣ್ಣದ ನೀರು ತುಂಬಿದ ಖಾಲಿ ಇನ್ಸುಲಿನ್ ಸೀಸೆ, 1 ಎಂಎಲ್‌ನ ಸಾದಾ ಸಿರಿಂಜ್. ಪ್ರತಿ ಕಾರ್ಡಿನಲ್ಲೂ ಆ ವೃತ್ತಿಯವರಿಗೆ ಮಾತ್ರ ಗೊತ್ತಾಗುವ ಎರಡು ಸಂಗತಿ ಇರಲಿ. ತೂಕ ನರ್ಸಿಂಗ್ ಕಾರ್ಡಿನಲ್ಲಿ, ತೂಕದ ಪಟ್ಟಿ ಫಾರ್ಮಸಿಯದರಲ್ಲಿ. ಕಾರ್ಡನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಓದಿ ಹೇಳಬೇಕು. ಸಿರಿಂಜ್‌ಗಳನ್ನು ಟ್ರೇಯಲ್ಲಿ ಕಣ್ಣಿಗೆ ಬೀಳುವಂತೆ ಇಟ್ಟು, ಅದರ ಬಗ್ಗೆ ಯಾವ ಕಾರ್ಡಿನಲ್ಲೂ ಬರೆಯದಿರುವುದು ಮುಖ್ಯ. ಡೋಸ್ ಏರಿಸಲು ತಂಡ ಒಪ್ಪಿಬಿಟ್ಟರೆ ತಡೆಯಬೇಡಿ. ಒಪ್ಪಲಿ, ಬರೆಯಲಿ, ಆಮೇಲೆ ಎರಡೂ ಸಿರಿಂಜ್‌ನ 14ರ ಗೆರೆಯ ನೀರನ್ನು ಸಾದಾ ಸಿರಿಂಜ್‌ಗೆ ಹಾಕಿಸಿ 0.14 ಮತ್ತು 0.35ನ್ನು ಅಕ್ಕಪಕ್ಕ ತೋರಿಸಿ.

ಅಂಕದ ವಿಷಯ ತೊಡಕಿನದು. ಒಂದು ಕಾಲೇಜಿನ ಲಾಗ್‌ಬುಕ್‌ನಲ್ಲಿ ಮಾತ್ರ ಈ ವಾರಕ್ಕೆ ಅಂಕವಿದ್ದರೆ ಉಳಿದ ನಾಲ್ವರು ಅತಿಥಿಗಳಾಗುತ್ತಾರೆ, ಎರಡನೇ ದಿನದಿಂದ ಬರುವುದು ತಡವಾಗುತ್ತದೆ. ಎಲ್ಲ ಲಾಗ್‌ಬುಕ್‌ಗಳಿಗೂ ಸಹಿ ಬೀಳುವ ವ್ಯವಸ್ಥೆ ಮೊದಲೇ ಆಗಬೇಕು. ಅಂಕ ಕೊಡುವುದಾದರೆ ತಂಡಕ್ಕೆ ಒಂದೇ ಅಂಕ, ಅದೂ ಚೀಟಿಗೆ ಮತ್ತು ಮನೆಯವರು ಮಾಡಿ ತೋರಿಸಿದ್ದಕ್ಕೆ. ‘ತಂಡದಲ್ಲಿ ಕೆಲಸ ಮಾಡುವುದು ನನಗೆ ಇಷ್ಟವಾಯಿತು’ ಎಂಬ ಪ್ರಶ್ನಾವಳಿ ತುಂಬಿಸುವುದು ಸುಲಭ. ಅದರಿಂದ ಸಿರಿಂಜ್ ಯಾರು ನೋಡಿದರು ಎಂದು ಗೊತ್ತಾಗುವುದಿಲ್ಲ.

ಮನೆಗೆ ಹೋದ ಮೇಲೆ

ಎರಡನೇ ವಾರ ಆಶಾ ಕಾರ್ಯಕರ್ತೆಯ ಫೋನಿನಿಂದ ತಂಡಕ್ಕೆ ಕರೆ ಬಂತು. ಸಂಜೆ ಹೊತ್ತು ಬೆವರು, ನಡುಕ ಬಂದಿದೆ, ಸಕ್ಕರೆ ನೀರು ಕುಡಿದು ಸರಿಹೋಗಿದೆ. ಇದು ನಿರೀಕ್ಷಿತವೇ. ಜ್ವರ ಇಳಿದು ಸೋಂಕು ಹಿಡಿತಕ್ಕೆ ಬರುತ್ತಿದ್ದಂತೆ ಇನ್ಸುಲಿನ್ ಕಡಿಮೆ ಸಾಕಾಗುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಡೋಸ್ ಅನ್ನು 10 ಮತ್ತು 6ಕ್ಕೆ ಇಳಿಸಿದರು. ಆದರೆ ಚೀಟಿಯಲ್ಲಿ 14 ಮತ್ತು 8 ಎಂದು ದಪ್ಪ ಶಾಯಿಯಲ್ಲಿ ಬರೆದು ಐದು ಸಹಿ ಹಾಕಿಯಾಗಿತ್ತು. ಹೆಂಡತಿ ಎರಡು ದಿನ ಚೀಟಿಯನ್ನೇ ನಂಬಿದಳು.

ಆ ಮೇಲೆ ಚೀಟಿಯ ನಮೂನೆ ಬದಲಾಯಿತು. ಬದಲಾಗುವ ಸಂಖ್ಯೆಗಳಾದ ಇನ್ಸುಲಿನ್ ಡೋಸ್, ತೂಕ, ಗುಳಿಗೆಯ ಎಣಿಕೆಗೆ ಕೆಳಭಾಗದಲ್ಲಿ ಆರು ಸಾಲಿನ ಪಟ್ಟಿ, ಪ್ರತಿ ಸಾಲಿಗೂ ತಾರೀಖು, ಬದಲಿಸಿದವರ ಸಹಿ. ಹಳೆಯ ಸಾಲನ್ನು ಅಡ್ಡಗೆರೆ ಎಳೆದು ಹೊಡೆಯಬೇಕು. ತೂಕ 5 ಕಿಲೋ ಏರಿ 50ರ ಗೆರೆ ದಾಟಿದರೆ ಗುಳಿಗೆ 4 ಆಗುವುದೂ, ಎರಡು ತಿಂಗಳ ಕೊನೆಗೆ ಕಫ ಮತ್ತೆ ಕೊಡಬೇಕಾದ್ದೂ ಅದೇ ಪಟ್ಟಿಯಲ್ಲಿ ಬಂದವು. ಚೀಟಿಯ ಹಿಂಬದಿಗೆ ನಿಕ್ಷಯ್ ಸಂಖ್ಯೆ, ಅಂದರೆ ಸರ್ಕಾರದ ಕ್ಷಯ ದಾಖಲೆಯಲ್ಲಿ ರೋಗಿಯ ಗುರುತಿನ ಸಂಖ್ಯೆ. ಗುಳೆ ಹೋದ ಊರಿನ ಆರೋಗ್ಯ ಕೇಂದ್ರದಲ್ಲಿ ಅದನ್ನು ತೋರಿಸಿದರೆ ಚಿಕಿತ್ಸೆ ಅಲ್ಲಿಗೆ ವರ್ಗವಾಗುತ್ತದೆ, ಹೊಸದಾಗಿ ಶುರುಮಾಡಬೇಕಾಗಿಲ್ಲ. ಹೊರಡುವ ವಾರ ಮೊದಲೇ ಆಶಾಗೆ ಹೇಳಬೇಕು ಎಂಬ ಸಾಲನ್ನು ಸಮಾಜಕಾರ್ಯದ ವಿದ್ಯಾರ್ಥಿ ಕೆಂಪು ಪೆನ್ನಿನಲ್ಲಿ ಬರೆದ.